ಭೀಮವ್ವನ ಮನೆಯ ಪರಗಾಳಿ

ಕಲಬುರಗಿ
ನೀಲಿಗೆರೆ ಬಂದ ನೂರ ನಲವತ್ತೊಂದನೇ ವರ್ಷ, ಎರಡನೇ ಚೈತ್ರದ ಮೂವತ್ತಾರನೇ ದಿನ, ಬಿಸಿಹೊತ್ತು

ನನ್ನ ಮುತ್ತಜ್ಜಿಯ ತಾಯಿ ಶೈಲಜಾ ಅವರಿಗೆ ದಾನಮ್ಮನ ಶರಣು ಶರಣಾರ್ಥಿಗಳು.

ಮೇಲಿನ ತಾರೀಖು ನೋಡಿ ನಿಮಗೆ ನಗು ಬಂದಿರಬೇಕು. ನಿಮ್ಮ ಕ್ಯಾಲೆಂಡರಿನಲ್ಲಿ ಚೈತ್ರ ಒಂದೇ, ಅದಕ್ಕೆ ಮೂವತ್ತಾರನೇ ದಿನವೂ ಇಲ್ಲ. ನಮ್ಮ ಬೇಸಿಗೆ ಒಂದು ಚೈತ್ರದಲ್ಲಿ ಹಿಡಿಸದೆ ಇನ್ನೊಂದನ್ನು ಸೇರಿಸಬೇಕಾಯಿತು, ಅದೂ ಸಾಲದೆ ಆ ಇನ್ನೊಂದನ್ನು ಎಳೆದು ಉದ್ದ ಮಾಡಬೇಕಾಯಿತು. ವರ್ಷದ ಲೆಕ್ಕ ಶುರುವಾಗುವುದು ನಿಮ್ಮಿಂದಲೇ. ಮನೆಯ ಹಳೆಯ ಏಸಿ ಕೆಟ್ಟು, ಅದರ ಬದಲಿಗೆ ನೀವು ನೀಲಿ ಗೆರೆಯ ಏಸಿ ತಂದು ಗೋಡೆಗೆ ಹಾಕಿಸಿದಿರಲ್ಲ, ಆ ದಿನ ನಮ್ಮ ಮನೆಯವರಿಗೆ ಯುಗಾದಿ. ನನಗೀಗ ಎಪ್ಪತ್ತು ವರ್ಷ. ನೀವು ಆ ಅಂಗಡಿಗೆ ಹೋದಾಗ ನಿಮಗೆ ನಲವತ್ತು ತುಂಬಿತ್ತಂತೆ. ವಯಸ್ಸಿನಲ್ಲಿ ನನಗಿಂತ ಇಷ್ಟು ಚಿಕ್ಕವರನ್ನು ಅಜ್ಜಿಯ ಅಜ್ಜಿಯಂತೆ ಮಾತನಾಡಿಸುವುದು ನನಗೂ ಕಸಿವಿಸಿಯೇ. ಮಾತಿನ ನಡುವೆ ನೀವು ಕೇಳಿರದ ಪದಗಳು ಬಂದರೆ ಮನ್ನಿಸಬೇಕು. ಬಂದ ಹಾಗೆ ಬಿಡಿಸಿ ಹೇಳುತ್ತೇನೆ.

ಇದಕ್ಕೆ ಹಿಂದೋಲೆ ಎನ್ನುತ್ತಾರೆ, ಹಿಂದಿನವರಿಗೆ ಬರೆಯುವ ಓಲೆ. ಮನೆಯ ತಂಪುಯಂತ್ರ ಕೆಟ್ಟು ಹೊಸದು ತರುವಾಗ, ಆ ಕುಲದ ಯಂತ್ರವನ್ನು ಮನೆಗೆ ಮೊದಲು ತಂದವರ ಹೆಸರಿಗೆ ಹಿರಿಯರು ಓಲೆ ಬರೆಯಬೇಕು, ಓಣಿಯವರ ಮುಂದೆ ನಿಂತು ಗಟ್ಟಿಯಾಗಿ ಓದಬೇಕು, ಆಮೇಲೆ ಅದನ್ನು ಕೆಟ್ಟ ಯಂತ್ರದ ಹೊರಡಬ್ಬಿಯೊಳಗೆ ಇಟ್ಟು ಕರಗಿಸಲು ಕಳಿಸಬೇಕು. ಹೊರಡಬ್ಬಿ ಎಂದರೆ ನೀವು ಔಟ್‌ಡೋರ್ ಎನ್ನುತ್ತಿದ್ದ ಡಬ್ಬಿ. ಡಬ್ಬಿಯ ಜೊತೆ ಓಲೆಯೂ ಸುಟ್ಟು, ಅದರ ಹೊಗೆ ಹಿಂದಿನವರಿಗೆ ಮುಟ್ಟುತ್ತದಂತೆ. ಮುಟ್ಟುತ್ತದೋ ಬಿಡುತ್ತದೋ, ಬರೆಯುವುದು ಮಾತ್ರ ಎಲ್ಲರೂ ಅವೇ ಮೂರು ಮಾತು: ನೀವು ಆರಿಸಿದ ಗೆರೆ ಅಳಿಸಿಲ್ಲ. ನಿಮ್ಮ ಗಾಳಿ ಕೆಟ್ಟಿಲ್ಲ. ನಾವು ಪರಗಾಳಿ ಕುಡಿದಿಲ್ಲ. ನನ್ನ ತಾಯಿ ಹಾಗೇ ಬರೆದಳು, ಅವಳ ತಾಯಿಯೂ ಹಾಗೇ ಬರೆದಳು. ನಾಳೆ ಬೆಳಿಗ್ಗೆ ಓದಲೆಂದು ನಾನೂ ಅದನ್ನೇ ಬರೆಯಲು ಕೂತೆ. ಮೂರನೇ ಮಾತಿಗೆ ಬಂದಾಗ ಕೈ ಓಡಲಿಲ್ಲ.

ಬಿಸಿಹೊತ್ತು ಎಂದೆನಲ್ಲ, ಅದು ಬೆಳಗಿನ ಊಟ ಮುಗಿದ ಮೇಲಿಂದ ದೀಪ ಹಚ್ಚುವವರೆಗಿನ ಹೊತ್ತು. ಆಗ ಓಣಿಯಲ್ಲಿ ನಾಯಿ ಕೂಡ ಇರುವುದಿಲ್ಲ. ಬಸ್ಸುಗಳು ನಿಲ್ಲುತ್ತವೆ, ಅಂಗಡಿಗಳ ಬಾಗಿಲು ಬೀಳುತ್ತದೆ, ಶಾಲೆ ನಸುಕಿನಲ್ಲೇ ಶುರುವಾಗಿ ಬಿಸಿಲು ಏರುವ ಮೊದಲು ಬಿಡುತ್ತದೆ. ಜೋಳದ ರೊಟ್ಟಿಯನ್ನು ಕತ್ತಲಿರುವಾಗಲೇ ಬಡಿದು ಬಟ್ಟೆಯಲ್ಲಿ ಸುತ್ತಿಟ್ಟು, ಮನೆಮಂದಿಯೆಲ್ಲ ತಂಪುಕೋಣೆಗೆ ಸೇರುತ್ತೇವೆ. ಮನೆಗೊಂದೇ ತಂಪುಕೋಣೆ. ಉಳಿದ ಕೋಣೆಗಳಿಗೆ ತಂಪು ಒದಗಿಸುವಷ್ಟು ಕರೆಂಟು ಯಾರಿಗೂ ಸಿಗುವುದಿಲ್ಲ. ಅಲ್ಲೇ ಕಾಳು ಆರಿಸುವುದು, ಅಲ್ಲೇ ಮಕ್ಕಳ ಪಾಠ, ಅಲ್ಲೇ ಮುದುಕರ ಗೊರಕೆ. ಜಗಳವಾಡಿದರೆ ಸಿಟ್ಟು ಮಾಡಿಕೊಂಡು ಎದ್ದು ಹೋಗಲು ಜಾಗವಿಲ್ಲ, ಆದ್ದರಿಂದ ಜಗಳಗಳನ್ನೆಲ್ಲ ಸಂಜೆಗೆ ಇಟ್ಟುಕೊಳ್ಳುತ್ತೇವೆ. ಸಂಜೆಯ ಹೊತ್ತಿಗೆ ಎಷ್ಟೋ ಜಗಳ ಮರೆತೂ ಹೋಗಿರುತ್ತವೆ. ಅದೊಂದೇ ಈ ಬಿಸಿಲಿನಿಂದ ಆದ ಉಪಕಾರ.

ಇನ್ನು ಕುಲದ ಮಾತು. ನಿಮ್ಮ ಕಾಲದಲ್ಲಿ ಏಸಿ ಕಂಪನಿಗಳಿಗೆ ಹೆಸರುಗಳಿದ್ದವಂತೆ, ಹಾದಿಬೀದಿಯಲ್ಲಿ ಅವುಗಳ ಜಾಹೀರಾತುಗಳಿದ್ದವಂತೆ. ಆ ಹೆಸರುಗಳು ಅಳಿದು ಎಷ್ಟೋ ಕಾಲವಾಯಿತು. ಯಂತ್ರದ ಮುಖದ ಮೇಲಿನ ಗುರುತು ಮಾತ್ರ ಉಳಿಯಿತು. ನಮ್ಮೂರಿನಲ್ಲಿ ಗುರುತು ಎರಡೇ: ನೀಲಿಗೆರೆ, ಮೂರುಚುಕ್ಕಿ. ಹಿಂದೆ ಒಂದೊಂದರ ಕೊಳವೆಯ ಬಾಯಿ ಒಂದೊಂದು ಅಳತೆಯದಾಗಿತ್ತಂತೆ. ಕರೆಂಟು ಕಡಿಮೆಯಾದಾಗ ಒಂದೇ ಕಂಪನಿಯ ಮನೆಗಳು ಗೋಡೆ ಕೊರೆದು ಕೊಳವೆ ಜೋಡಿಸಿ ತಂಪು ಹಂಚಿಕೊಂಡವು. ಮೊದಲು ಕೊಳವೆ ಕೂಡಿತು, ಆಮೇಲೆ ಊಟ ಕೂಡಿತು, ಆಮೇಲೆ ಹೆಣ್ಣು ಕೊಟ್ಟು ತರುವುದೂ ಅಲ್ಲಲ್ಲೇ ಆಯಿತು. ಈಗ ಕೊಳವೆಗಳ ಬಾಯಿ ಎಲ್ಲದರದೂ ಒಂದೇ ಅಳತೆ. ಆದರೂ ಹೆಣ್ಣು ನೋಡಲು ಬಂದವರು ಮೊದಲು ಕತ್ತೆತ್ತಿ ಗೋಡೆ ನೋಡುತ್ತಾರೆ, ಆಮೇಲೆ ಹುಡುಗಿಯನ್ನು ನೋಡುತ್ತಾರೆ. ಮದುವೆಯಾದವರು ಯಾರ ಮನೆಯ ಯಂತ್ರ ಹೊಸದೋ ಆ ಮನೆಯಲ್ಲಿ ಇರುವುದು ಪದ್ಧತಿ. ನಿಮ್ಮ ಕಾಲದವರೂ ಮದುವೆಗೆ ಏನೇನೋ ಕೂಡಿಬರಬೇಕು ಎನ್ನುತ್ತಿದ್ದರಂತೆ. ಅದನ್ನೆಲ್ಲ ಬಿಟ್ಟವರು ನಾವು ಎಂದು ನಮಗೆ ಬಹಳ ಹೆಮ್ಮೆ. ಬಿಟ್ಟ ಜಾಗದಲ್ಲಿ ಇದನ್ನು ತಂದು ಕೂರಿಸಿಕೊಂಡಿದ್ದೇವೆ.

ಇದಕ್ಕಿಂತ ನಾಚಿಕೆಗೇಡಿನ ವಿಷಯ ಕೇಳಿ. ನೀಲಿಗೆರೆಯೂ ಮೂರುಚುಕ್ಕಿಯೂ ತಯಾರಾಗುವುದು ಊರ ಹೊರಗಿನ ಅದೇ ಒಂದು ಕಾರ್ಖಾನೆಯಲ್ಲಿ. ಇದು ಎಲ್ಲರಿಗೂ ಗೊತ್ತು. ನಾಲ್ಕು ಜನರ ಎದುರು ಹೇಳುವುದು ಮಾತ್ರ ಅಸಭ್ಯ. ನಮ್ಮ ಗೋಡೆಯಾಚೆಯ ಮನೆ ಮೂರುಚುಕ್ಕಿಯವರದು. ಆ ಮನೆಯ ಯಜಮಾನಿ ಭೀಮವ್ವ, ಅವಳ ಮಗಳು ಕಸ್ತೂರಿ. ಕಸ್ತೂರಿ ಕೆಲಸ ಮಾಡುವುದು ಆ ಕಾರ್ಖಾನೆಯಲ್ಲೇ. ಸಾಲಾಗಿ ಬರುವ ಬೋಳು ಯಂತ್ರಗಳ ಮೇಲೆ ಒಂದು ಪಾಳಿಯಲ್ಲಿ ಗೆರೆ ಹಚ್ಚುವುದು, ಇನ್ನೊಂದು ಪಾಳಿಯಲ್ಲಿ ಚುಕ್ಕಿ ಹಚ್ಚುವುದು ಅವಳ ಕೆಲಸ. ನನ್ನ ಮೊಮ್ಮಗ ಚನ್ನವೀರ ಸಂಜೆ ಅವಳಿಗಾಗಿ ಕಟ್ಟೆಯ ಮೇಲೆ ಕಾಯುತ್ತಾನೆ. ಅವಳು ಬಂದೊಡನೆ, "ಇವತ್ತ ಎಷ್ಟ ಮಂದಿಗಿ ಕುಲ ಹಚ್ಚಿ ಬಂದಿ?" ಎಂದು ಕೆಣಕುತ್ತಾನೆ. ಅವಳು, "ನಿಂದೊಂದು ಉಳದದ ನೋಡು" ಎನ್ನುತ್ತಾಳೆ. ಇಬ್ಬರೂ ನಗುತ್ತಾರೆ. ಆ ನಗು ಎಲ್ಲಿಗೆ ಹೊರಟಿದೆ ಎಂದು ನನಗೆ ಕಳೆದ ವರ್ಷವೇ ಗೊತ್ತಾಗಿತ್ತು. ಗೊತ್ತಿಲ್ಲದವಳ ಹಾಗೆ ಕಾಳು ಆರಿಸುತ್ತ ಕೂತಿದ್ದೆ.

ಹೀಗಿರುವಾಗ ನಮ್ಮ ಯಂತ್ರ ಕೆಟ್ಟಿತು. ಬಿಸಿಹೊತ್ತಿನ ನಡುವೆ ಒಮ್ಮೆ ನರಳಿ ಸುಮ್ಮನಾಯಿತು. ಯಂತ್ರ ಕೆಟ್ಟವರು ತಮ್ಮ ಕುಲದ ಮನೆಗೆ ಹೋಗಿ ಕೂರಬೇಕು. ಬೇರೆ ಕುಲದ ತಂಪಿಗೆ ಪರಗಾಳಿ ಎಂದು ಹೆಸರು. ಅದನ್ನು ಕುಡಿಯಬಾರದು. ನೀಲಿಗೆರೆಯ ಹತ್ತಿರದ ಮನೆಯೆಂದರೆ ಕುಲದ ಯಜಮಾನ ಶಿವಶರಣಪ್ಪನವರದು, ಎರಡು ಓಣಿ ದಾಟಿ. ಆ ಉರಿಯಲ್ಲಿ ನನ್ನ ಮೊಮ್ಮಗಳ ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಎರಡು ಓಣಿ ದಾಟುವುದೆಂದರೆ ಬಾಣಲೆಯೊಳಗೆ ನಡೆದಂತೆ. ಒದ್ದೆ ಬಟ್ಟೆ ಹೊದಿಸಿ ಹೊರಡಲು ಸಿದ್ಧವಾಗುತ್ತಿದ್ದೆವು. ಅಷ್ಟರಲ್ಲಿ ಎರಡು ಮನೆಗಳ ನಡುವಿನ ಹಿತ್ತಿಲ ಬಾಗಿಲು ತೆರೆಯಿತು. ಭೀಮವ್ವ ನಿಂತಿದ್ದಳು. "ದಾನಕ್ಕ, ಕೂಸಿನ ಕರ್ಕೊಂಡು ಈ ಕಡಿ ಬರ್ರಿ. ಎದಕ್ಕ ಅಲ್ಲಿ ಬೇಯ್ಕೋತ ಕುಂತೀರಿ? ಗಾಳಿಗೇನ್ ಹೆಸರ್ ಬರ್ದಿರ್ತದ?" ಎಂದಳು. ನಾನು ಇಲ್ಲ ಎನ್ನುವುದರೊಳಗೆ ಕೂಸು ಅವಳ ಕಂಕುಳಿಗೆ ಹೋಗಿ ಆಗಿತ್ತು.

ಅಂದಿನಿಂದ ನಾವು ಭೀಮವ್ವನ ತಂಪುಕೋಣೆಯಲ್ಲಿದ್ದೇವೆ. ಹೊಸ ಯಂತ್ರಕ್ಕೆ ಸರತಿ ಬರುವವರೆಗೆ ಕಾಯಬೇಕು. ಆ ಸರತಿ ನಾಳೆ. ಆರು ಜನ ಕೂರುವ ಕೋಣೆಯಲ್ಲಿ ನಾವು ಹನ್ನೊಂದು ಜನ. ಅವರ ಮಂದಿ ಕಾಲು ಮಡಚಿ ಕೂತು ನಮಗೆ ಯಂತ್ರದ ಎದುರಿನ ಜಾಗ ಬಿಟ್ಟರು. ಭೀಮವ್ವ ನನಗೆ ದಿಂಬು ಕೊಟ್ಟಳು. ನನಗೆ ಖಾರ ಆಗುವುದಿಲ್ಲವೆಂದು ಮನೆಮಂದಿಯ ಶೇಂಗಾ ಹಿಂಡಿಯನ್ನೇ ಸಪ್ಪಗೆ ಮಾಡಿದಳು. ಕೂಸು ಅವಳ ಮಡಿಲಲ್ಲೇ ನಿದ್ದೆ, ಅವಳ ಮಡಿಲಲ್ಲೇ ಆಟ. ಮೂರುಚುಕ್ಕಿಯ ಗಾಳಿ ಕುಡಿದರೆ ಮೈ ನೀರಾಗುತ್ತದೆ, ರಕ್ತ ಹಳದಿಯಾಗುತ್ತದೆ ಎಂದು ಚಿಕ್ಕಂದಿನಲ್ಲಿ ನನ್ನನ್ನು ಹೆದರಿಸಿದ್ದರು. ಏನೂ ಆಗಲಿಲ್ಲ. ಹಾಯಾಗಿ ನಿದ್ದೆ ಬಂತು. ಎಷ್ಟೋ ವರ್ಷಗಳಿಂದ ಅಂಥ ನಿದ್ದೆ ಮಾಡಿರಲಿಲ್ಲ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ನಾಲ್ಕು ದಿನಗಳ ಹಿಂದೆ ಬಿಸಿಲು ಇಳಿದ ಮೇಲೆ ಶಿವಶರಣಪ್ಪನವರು ಇಬ್ಬರನ್ನು ಕರೆದುಕೊಂಡು ಬಂದರು. ಒಳಗೆ ಕಾಲಿಡದೆ ಭೀಮವ್ವನ ಹೊಸ್ತಿಲಾಚೆಯೇ ನಿಂತರು. ನಾನು ಎದ್ದು ಬಾಗಿಲಿಗೆ ಹೋದೆ. "ಏನವಾ ದಾನಮ್ಮ, ಪರಗಾಳಿ ಒಗ್ಗೇದೇನು?" ಎಂದರು. ಮಾತು ಗಾಳಿಯದಾದರೂ ಕೇಳಿದ್ದು ಬೇರೆ ಎಂದು ನನಗೆ ಗೊತ್ತಾಯಿತು. ಚನ್ನವೀರನ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಹೊಸ ಯಂತ್ರ ಯಾವುದು ತರುತ್ತೀ, ನಮ್ಮದೋ ಅವರದೋ, ಎಂದು ಕೇಳುತ್ತಿದ್ದರು. ಅವರದನ್ನು ತಂದರೆ ಕುಲದ ಒಂದು ಮನೆಯೂ ನಮಗೆ ಬಾಗಿಲು ತೆರೆಯುವುದಿಲ್ಲ. ಸತ್ತರೆ ಹೊರಲು ಬರುವವರಿಲ್ಲ. ನನಗೆ ಭಯವಾಯಿತು. ಭಯವಾದರೆ ಸುಮ್ಮನಿರಬಹುದಿತ್ತು. ನೋಡೋಣ ಎನ್ನಬಹುದಿತ್ತು. ನಾನು ಹೇಳಿದ್ದು ಇದು: "ಎಲ್ಲಿ ಒಗ್ಗತದ್ರೀ ಯಜಮಾನ್ರ? ಕೂಸಿಗಿ ಆಗಲೇ ನೆಗಡಿ. ಏನ್ ಮಾಡೋದು, ಗತಿ ಇಲ್ದ ಕುಂತೀವಿ. ನಮ್ಮ ಗಾಳಿನೇ ಬ್ಯಾರಿ ಬಿಡ್ರಿ."

ಕೂಸಿಗೆ ನೆಗಡಿ ಇರಲಿಲ್ಲ, ಅಜ್ಜಿ. ಗಟ್ಟಿಮುಟ್ಟಾಗಿ ಕೇಕೆ ಹಾಕುತ್ತಿತ್ತು. ನನ್ನ ಬೆನ್ನ ಹಿಂದಿನ ಪರದೆಯಾಚೆ ಭೀಮವ್ವ ಮಜ್ಜಿಗೆ ಕಡೆಯುತ್ತಿದ್ದಳು. ಬಂದವರಿಗೂ ಕೊಡಬೇಕೆಂದು ಲೋಟಗಳನ್ನು ಇಳಿಸಿಟ್ಟಿದ್ದಳು. ನನ್ನ ಮಾತು ಮುಗಿದಾಗ ಕಡೆಗೋಲಿನ ಸದ್ದು ನಿಂತಿತ್ತು. ಛೀ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ! ಅವಳ ಅನ್ನ ಉಂಡು, ಅವಳ ದಿಂಬಿಗೆ ಒರಗಿ, ಅವಳ ಹೊಸ್ತಿಲಲ್ಲೇ ನಿಂತು ಆ ಮಾತು ಆಡಿದೆ. ಯಜಮಾನರು ಮೆಚ್ಚಿ ತಲೆಯಾಡಿಸಿ ಹೋದರು. ನಾನು ಒಳಗೆ ತಿರುಗಿದೆ. ಭೀಮವ್ವ ನನ್ನ ಕೈಗೆ ಮಜ್ಜಿಗೆ ಕೊಟ್ಟಳು. ನಾನು ಅದನ್ನೂ ಕುಡಿದೆ.

ಮರುದಿನ ಹಿತ್ತಿಲ ಬಾಗಿಲು ತೆರೆದಿರುವುದಿಲ್ಲ ಎಂದುಕೊಂಡೆ. ತೆರೆದೇ ಇತ್ತು. ನಾವು ಹೋಗಿ ಕೂತೆವು. ಸ್ವಲ್ಪ ಹೊತ್ತಿಗೆ ನನಗೆ ಬೆವರಿತು. ಸುತ್ತ ನೋಡಿದರೆ ಎಲ್ಲರೂ ಸೆರಗಿನಿಂದ, ಕೈಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಾರೆ. ಯಂತ್ರ ಕೈಕೊಟ್ಟಿತೇನೋ ಎಂದು ಮೇಲೆ ನೋಡಿದೆ. ಭೀಮವ್ವ ಎಂದಳು: "ಕೂಸಿಗಿ ನೆಗಡಿ ಆಗ್ಯಾದಂತಲ್ರೀ ಅಕ್ಕಾ, ತಂಪ ಕಡಿಮಿ ಮಾಡೀನಿ." ಅಷ್ಟೇ. ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ಅವಳ ಮನೆಯವರು ಯಾರೂ ಗೊಣಗಲಿಲ್ಲ. ಹೊರಗೆ ಆಕಾಶವೇ ಸುಡುವಾಗ ಆ ಐದು ಜನ ನಮ್ಮ ಕೂಸಿನ ಇಲ್ಲದ ನೆಗಡಿಗಾಗಿ ಬೆವರುತ್ತ ಕೂತರು. ನಾನು ಬಾಯಿ ಬಿಡಲಿಲ್ಲ. ಇವತ್ತಿಗೆ ನಾಲ್ಕನೇ ದಿನ. ಭೀಮವ್ವನ ಕತ್ತಿನ ತುಂಬ ಬೆವರುಸಾಲೆ ಎದ್ದಿದೆ. ಪುಡಿ ಹಾಕಿಕೊಳ್ಳುತ್ತಾಳೆ, ತುರಿಸಿಕೊಳ್ಳುತ್ತಾಳೆ, ಮತ್ತೆ ಕೂಸಿಗೆ ಗಾಳಿ ಹಾಕುತ್ತಾಳೆ. ನೆಲ ಬಾಯಿಬಿಟ್ಟರೆ ಇಳಿದುಬಿಡಬೇಕು ಎನಿಸುತ್ತದೆ. ನಿಮ್ಮ ಕುಲದ ಹಿರಿಯಳು, ನೀಲಿಗೆರೆಯ ಎಪ್ಪತ್ತು ವರ್ಷದ ದಾನಮ್ಮ, ಅವಳ ಮುಖ ನೋಡಲಾಗದೆ ಗೋಡೆಗೆ ಮುಖ ಮಾಡಿ ಇದನ್ನು ಬರೆಯುತ್ತಿದ್ದೇನೆ.

ಈಗ ನಿಮ್ಮನ್ನು ಒಂದು ಮಾತು ಕೇಳಬೇಕು. ಅಂದು ನೀವು ಆ ನೀಲಿ ಗೆರೆಯದನ್ನೇ ಏಕೆ ಆರಿಸಿದಿರಿ? ನಮ್ಮ ಮದುವೆಗಳಲ್ಲಿ ಅದರ ಕಥೆ ಹೇಳುತ್ತಾರೆ. ಶೈಲಜವ್ವ ಉಪವಾಸ ಮಾಡಿದಳು, ಊರಿನ ಅಂಗಡಿಗಳನ್ನೆಲ್ಲ ಸುತ್ತಿದಳು, ಕನಸಿನಲ್ಲಿ ನೀಲಿ ನದಿ ಕಂಡಳು, ಎಚ್ಚರಾಗಿ ಹೋಗಿ ಅದೇ ಬಣ್ಣದ ಗೆರೆಯ ಯಂತ್ರಕ್ಕೆ ಕೈ ಮುಟ್ಟಿಸಿದಳು, ಎಂದು. ಅದಕ್ಕೂ ಮೊದಲು ಕೆಟ್ಟ ಆ ಹಳೆಯ ಏಸಿ ಯಾವ ಕಂಪನಿಯದಿತ್ತು ಎಂದು ಯಾರೂ ಕೇಳುವುದಿಲ್ಲ. ಕೇಳಬಾರದು. ಮೂರುಚುಕ್ಕಿಯದೇ ಇತ್ತೋ ಏನೋ! ನನಗಂತೂ ಬೇರೆಯೇ ಕಾಣುತ್ತದೆ. ಏಪ್ರಿಲ್ ತಿಂಗಳು, ಬೆನ್ನಿಗೆ ಅಂಟಿದ ರವಿಕೆ, ಮನೆಯಲ್ಲಿ ಅಳುವ ಮಗು. ಒಬ್ಬ ಸೇಲ್ಸ್‌ಮನ್ ಇದಕ್ಕೆ ಸ್ಟಾರ್ ಹೆಚ್ಚು ಎನ್ನುತ್ತಾನೆ, ಇನ್ನೊಬ್ಬ ಅದಕ್ಕೆ ವಾರಂಟಿ ಹೆಚ್ಚು ಎನ್ನುತ್ತಾನೆ, ನಿಮ್ಮ ಗಂಡ ಫೋನಿನಲ್ಲಿ ಇಬ್ಬರಿಗೂ ಬೇಡವಾದ ಮೂರನೆಯದನ್ನು ಹೇಳುತ್ತಾರೆ. ಕೊನೆಗೆ ನೀವು ರೋಸಿಹೋಗಿ, "ಇವತ್ತೇ ಬಂದು ಕೂಡಿಸಿ ಹೋಗೋದು ಯಾವುದದ, ಅದನ್ನೇ ಕಳಸ್ರಿ" ಎಂದಿರಬೇಕು. ಹೌದೋ ಅಲ್ಲವೋ? ಒಳ್ಳೆಯ ಕಾರಣವೇ ಅದು. ಮಗುವಿಗೆ ಅಂದೇ ತಂಪಾಯಿತಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಅಂಗಡಿಯಲ್ಲಿ ಯಾವುದನ್ನಾದರೂ ಆರಿಸಿ, ನಾನು ಬೇಡ ಎನ್ನುವುದಿಲ್ಲ. ಕೋಣೆಯ ಅಳತೆ ನೋಡಿ, ಕೆಟ್ಟರೆ ರಿಪೇರಿಗೆ ಬೇಗ ಬರುವವರು ಯಾರು ಎಂದು ವಿಚಾರಿಸಿ, ಹೊರಡಬ್ಬಿಯ ಬಿಸಿ ಪಕ್ಕದ ಮನೆಯವರ ಕಿಟಕಿಗೆ ಬಡಿಯದ ಹಾಗೆ ಹಾಕಿಸಿ. ಆದರೆ ಮನೆಗೆ ತಂದ ಮೇಲೆ ಮಕ್ಕಳನ್ನು ಕರೆದು ಕಾರಣವನ್ನು ಬಾಯಿಬಿಟ್ಟು ಹೇಳಿ. ಬೇಗ ಸಿಕ್ಕಿತೆಂದು ಇದನ್ನು ತಂದೆ, ಇಲ್ಲದಿದ್ದರೆ ಇನ್ನೊಂದು ತರುತ್ತಿದ್ದೆ, ಎಂದು. ಅವರಿಗೆ ಬೇಸರವಾಗುವಷ್ಟು ಸಲ ಹೇಳಿ. ನೀವು ಹೇಳದೆ ಬಿಟ್ಟ ಆ ಒಂದು ಮಾತಿನ ಜಾಗದಲ್ಲಿ ನಾವು ಒಂದು ಕುಲ ಕಟ್ಟಿಕೊಂಡೆವು. ತಪ್ಪು ನಿಮ್ಮದಲ್ಲ. ಅಂಗಡಿಯಿಂದ ಬಂದ ಡಬ್ಬಿಯನ್ನು ದೇವರು ಮಾಡಿದವರು ನಾವು.

ಇಲ್ಲಿಯವರೆಗೆ ಬರೆದು ನಿಲ್ಲಿಸಿದ್ದೆ. ನಡುವೆ ಒಂದು ನಡೆಯಿತು, ಅದನ್ನೂ ಬರೆದು ಮುಗಿಸುತ್ತೇನೆ. ನೂರು ವರ್ಷಕ್ಕೂ ಹಿಂದಿನವರಿಗೆ ಇಷ್ಟುದ್ದ ಹೇಳುವವಳು, ಮೊಳ ದೂರದಲ್ಲಿ ಕೂತವಳಿಗೆ ಹೇಳುತ್ತಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು. ಗೋಡೆಯ ಕಡೆಯಿಂದ ತಿರುಗಿದೆ. ಕೋಣೆಯಲ್ಲಿ ಎಲ್ಲರೂ ಇದ್ದರು. ಚನ್ನವೀರ ಇದ್ದ, ಕಸ್ತೂರಿ ಇದ್ದಳು. "ಭೀಮವ್ವ, ಕೂಸಿಗಿ ನೆಗಡಿ ಇಲ್ಲವಾ. ಇರಲೂ ಇಲ್ಲ. ನಾ ಸುಳ್ಳ ಹೇಳಿದೆ. ತಂಪ ಜಾಸ್ತಿ ಮಾಡು" ಎಂದೆ.

ಭೀಮವ್ವ ಬೀಸಣಿಕೆ ಕೆಳಗಿಟ್ಟಳು. "ಗೊತ್ತದ ಬಿಡ್ರೀ ಅಕ್ಕಾ. ಕೂಸಿನ ಮೂಗ ದಿನಾ ಒರಸಾಕಿ ನಾನೇ ಅಲ್ಲೇನು? ನೀವಾಗೇ ಹೇಳ್ತೀರೇನಂತ ನೋಡ್ಲಿಕತ್ತಿದ್ದೆ" ಎಂದಳು. ಎದ್ದು ಹೋಗಿ ಗುಂಡಿ ಒತ್ತಿದಳು. ನಾಲ್ಕು ದಿನ ಮೈತುಂಬ ಬೆವರುಸಾಲೆ ಎಬ್ಬಿಸಿಕೊಂಡು ನನ್ನ ಒಂದು ಮಾತಿಗೆ ಕಾದಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಕೂಸು ನನ್ನನ್ನು ನೋಡಿ ಕೇಕೆ ಹಾಕಿತು.

ನಾಳೆ ಮೂರುಚುಕ್ಕಿಯದನ್ನು ತರುತ್ತೇನೆ. ಕಾರಣ, ನೆಟ್ಟಗೆ ಹೇಳುತ್ತೇನೆ: ಗೋಡೆ ಒಂದೇ, ಗುರುತೂ ಒಂದಾದರೆ ಭೀಮವ್ವನ ಯಂತ್ರಕ್ಕೆ ಕೊಳವೆ ಜೋಡಿಸಲು ಯಾರ ಅಡ್ಡಿಯೂ ಇಲ್ಲ, ಮತ್ತು ಚನ್ನವೀರನಿಗೆ ಕಸ್ತೂರಿ ಬೇಕು. ಅದರಲ್ಲಿ ಕನಸೂ ಇಲ್ಲ, ನದಿಯೂ ಇಲ್ಲ. ಮುಂದೆ ಯಾರಾದರೂ ನನ್ನ ಹೆಸರಿನಲ್ಲಿ ವರ್ಷ ಎಣಿಸಲು ಹೊರಟರೆ ಅವರಿಗೆ ತೋರಿಸಲು ಈ ಸಾಲನ್ನು ನಕಲು ಮಾಡಿಟ್ಟುಕೋ ಎಂದು ಚನ್ನವೀರನಿಗೆ ಹೇಳಿದ್ದೇನೆ. ಬೆಳಿಗ್ಗೆ ಶಿವಶರಣಪ್ಪನವರೂ ಕುಲದವರೂ ಓಣಿಯಲ್ಲಿ ನಿಂತಿರುತ್ತಾರೆ. ಅವರೆದುರು ನಾನು ಆಡಿದ ಸುಳ್ಳಿನ ಸಮೇತ ಈ ಓಲೆಯನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಓದುವಾಗ ಪಕ್ಕದಲ್ಲಿ ನಿಲ್ಲುತ್ತೇನೆಂದು ಭೀಮವ್ವ ಹೇಳಿದ್ದಾಳೆ.

ಹಿಂದೋಲೆಯ ಮೂರು ಮಾತು ಬರೆಯದೆ ಮುಗಿಸುವಂತಿಲ್ಲ. ನೀವು ಆರಿಸಿದ ಗೆರೆಯನ್ನು ಇಳಿಸುತ್ತಿದ್ದೇವೆ, ಮನ್ನಿಸಿ. ನಿಮ್ಮ ಗಾಳಿಗೆ ಕೇಡೇನೂ ಇರಲಿಲ್ಲ, ಕೆಟ್ಟಿದ್ದು ನಾನು. ಮತ್ತು ನಾವು ಪರಗಾಳಿ ಕುಡಿದಿದ್ದೇವೆ, ಅಜ್ಜಿ. ತಂಪಾಗಿತ್ತು.

ನಿಮ್ಮ
ದಾನಮ್ಮ